ಇನ್ನೊಮ್ಮೆ ಬಡಿಸಿದ ಪಾಠ

ಈಗ ಪಾಠದ ಬಗ್ಗೆ ಸೆಮಿಸ್ಟರ್ ಮಧ್ಯದ ಅಭಿಪ್ರಾಯವೆಲ್ಲ ಮೊಬೈಲಿನಲ್ಲೇ. ಮಕ್ಕಳು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬಸ್ಸು ಬರುವುದರೊಳಗೆ ಒತ್ತಿ ಮುಗಿಸುತ್ತಾರೆ. ನನಗೆ ಮಾತ್ರ ಹಳೆಯ ಕಾಗದದ ಚೀಟಿಗಳೇ ಬೇಕೆನಿಸುತ್ತದೆ. ಅವನ್ನು ನೆನೆದರೆ ನನ್ನ ಮೊದಲ ಬಿಎಸ್‌ಸಿ ತರಗತಿ ಹಾಗೇ ಕಣ್ಣಿಗೆ ಬರುತ್ತದೆ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ರಸಾಯನಶಾಸ್ತ್ರದ ಮೇಡಂ. ಕಿರುಪರೀಕ್ಷೆಯಲ್ಲಿ ಮುಕ್ಕಾಲು ತರಗತಿ ಮಣ್ಣು ಮುಕ್ಕಿತ್ತು. ಎಲ್ಲಿ ಎಡವುತ್ತಿದ್ದಾರೆಂದು ತಿಳಿಯದಿದ್ದರೆ ದೊಡ್ಡ ಪರೀಕ್ಷೆಯಲ್ಲೂ ಅದೇ ಗತಿ. ಹೆಸರು ಬೇಡ, ಪಾಠ ಹೇಗಿದೆ ಬರೆಯಿರಿ ಎಂದು ಚೀಟಿ ಕೊಟ್ಟೆ. ಎಲ್ಲದರಲ್ಲೂ ಚೆನ್ನಾಗಿದೆ ಎಂಬ ಒಂದೇ ರಾಗ: ‘ಚೊಲೋ ಇದ್ದು’, ‘ಅಡ್ಡಿಲ್ಲೆ’, ಬನವಾಸಿ ಕಡೆಯವರದ್ದು ‘ಭಾಳ ಚಲೋ ಕಲಸ್ತೀರಿ ಮೇಡಂ’. ಮೈಯೆಲ್ಲ ಉರಿದುಹೋಯಿತು. ಅಷ್ಟು ಚೊಲೋ ಇದ್ದರೆ ಸೊನ್ನೆ ಯಾಕೆ ಸುತ್ತಿದರು ಮಹರಾಯರು?

ಆ ಭಾನುವಾರ ವಜ್ರಳ್ಳಿಯ ನೆಂಟರ ಮನೆಯಲ್ಲಿ ಊಟ. ಸಾಂಬಾರು ಉಪ್ಪೋ ಉಪ್ಪು. ಬಡಿಸುತ್ತಿದ್ದ ಅತ್ತಿಗೆ, “ಹೆಂಗಾಜು?” ಎಂದು ರುಚಿ ಕೇಳಿದರು.

“ಚೊಲೋ ಆಜು ಅತ್ತಿಗೆ,” ಎಂದೆ, ಮುಖ ಒಂಚೂರೂ ಕೆಡಿಸದೆ.

“ಇನ್ನೊಂಚೂರು ಎಂತ ಹಾಕ್ಲಿ?”

“ಮಜ್ಜಿಗೆ ಸಾಕು.”

ಅತ್ತಿಗೆ ನಕ್ಕರು. “ಗೊತ್ತಾತು ಬಿಡು, ಉಪ್ಪು ಜಾಸ್ತಿ ಆಜು.”

ನನಗೂ ನಗು ತಡೆಯಲಿಲ್ಲ. ನನ್ನ ತರಗತಿಯ ಮಕ್ಕಳೂ ಇಂಥ ಮನೆಗಳಿಂದಲೇ ಬಂದವರು. ಬಡಿಸಿದವರ ಎದುರು ಚೆನ್ನಾಗಿಲ್ಲ ಎನ್ನಲು ಅವರಿಗೂ ಬಾಯಿ ಬರುವುದಿಲ್ಲ; ಇನ್ನೇನು ಹಾಕಲಿ ಎಂದು ಕೇಳಿದರೆ ಮಾತ್ರ ನಿಜ ಹೊರಬೀಳುತ್ತದೆ.

ಸೋಮವಾರ ಮತ್ತೆ ಚೀಟಿ ಹಂಚಿದೆ. “ಹೇಗಿದೆ ಅಂತ ಬರೆಯೋದು ಬೇಡ. ಯಾವ ಪಾಠ ಇನ್ನೊಮ್ಮೆ ಬಡಿಸಲಿ, ಅಷ್ಟೇ ಬರೀರಿ,” ಎಂದೆ. ಹಿಂದಿನ ವಾರದ್ದನ್ನೇ ಕೇಳುತ್ತಾರೆಂಬ ಅಂದಾಜು ನನ್ನದು. ಸ್ಟಾಫ್‌ರೂಮಿನಲ್ಲಿ ಕೂತು ಒಂದೊಂದೇ ಬಿಡಿಸಿದೆ. ಮೋಲ್. ಮೋಲ್. ಮತ್ತೂ ಮೋಲ್. ಕಣಗಳನ್ನು ಎಣಿಸುವ ಆ ಅಳತೆ ಮೊದಲ ದಿನ ಮಾಡಿದ ಪಾಠ, ಆಮೇಲಿನದೆಲ್ಲ ನಿಂತಿರುವುದೇ ಅದರ ಮೇಲೆ. ಅಂದರೆ ಇಷ್ಟು ದಿನವೂ ಏನೂ ತಿಳಿಯದೆ, ನನಗೆ ಬೇಜಾರಾಗಬಾರದೆಂದು ಸುಮ್ಮನೆ ಕೂತಿದ್ದರು. ಸಿಟ್ಟೆಲ್ಲ ಇಳಿದುಹೋಯಿತು.

ಮರುದಿನ ಬೋರ್ಡಿನ ಮೇಲೆ ‘ಮೋಲ್’ ಎಂದು ಬರೆದು ಮೊದಲಿನಿಂದ ಶುರುಮಾಡಿದೆ. ಅರ್ಧ ಹೇಳುವಷ್ಟರಲ್ಲಿ, ಅಲ್ಲಿಯವರೆಗೆ ಬಾಯಿಯೇ ಬಿಡದಿದ್ದ ಹೆಗ್ಗರಣೆಯ ಹುಡುಗಿ ಕೈಯೆತ್ತಿದಳು.

“ಮೇಡಂ, ನಂಗೆ ಇನ್ನೂ ಗೊತ್ತಾಜಿಲ್ಲೆ.”

ಅವತ್ತು ಆದಷ್ಟು ಸಂತೋಷ ನನಗೆ ಯಾವ ಹೊಗಳಿಕೆಯಿಂದಲೂ ಆಗಿಲ್ಲ.