ಹೋಗದೆ ಉಳಿದ ಫ್ಯೂಸು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ ಬಂತು. 1983ರ ಆಯುಧಪೂಜೆಯ ದಿನ. ನಾನಾಗ ಮನೆಗಳಿಗೆ ವೈರಿಂಗ್ ಮಾಡಿಸುವ ಕಂಟ್ರಾಕ್ಟರೊಬ್ಬರ ಬಳಿ ಎಂಜಿನಿಯರ್. ಜಯನಗರದಲ್ಲಿ ಬಟ್ಟೆ ವ್ಯಾಪಾರಿ ಶಂಕರಪ್ಪನವರ ಮನೆಯ ಮಹಡಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು.

ವಾಸನೆಯ ಮೂಲವನ್ನು ಹುಡುಕಬೇಕಾಗಿರಲಿಲ್ಲ. ಬೆಳಿಗ್ಗೆಯೇ ನೋಡಿದ್ದೆ.

ಕೆಳಮನೆಯ ದೀಪ, ಫ್ಯಾನುಗಳಿಗೆ ಇದ್ದದ್ದು ಐದು ಆಂಪಿಯರ್ ಲೈನು. ಆಂಪಿಯರ್ ಎಂದರೆ ತಂತಿಯಲ್ಲಿ ಹರಿಯುವ ಕರೆಂಟಿನ ಅಳತೆ. ವಾಟ್‌ಗಳನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸಿಗುತ್ತದೆ. ಶಂಕರಪ್ಪ ಅದೇ ಲೈನಿಗೆ 2000 ವಾಟ್ ಗೀಸರ್, 1500 ವಾಟ್ ಒಲೆ ಸೇರಿಸಿದ್ದರು. ಎರಡೂ ಓಡಿದರೆ ಹದಿನೈದು ಆಂಪಿಯರ್! ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಹಬ್ಬಕ್ಕೆ ನೆಂಟರು ಬರುತ್ತಾರೆಂದು ವೈರ್‌ಮನ್ ಮುನಿಯಪ್ಪನನ್ನು ಕರೆಸಿದರು. ಅವನು ಸಣ್ಣ ಫ್ಯೂಸ್ ತಂತಿ ಕಿತ್ತು, ದಪ್ಪ ತಾಮ್ರದ ಎಳೆಗಳನ್ನು ಹುರಿಮಾಡಿ ಕಟ್ಟಿಹೋದ. ಕರೆಂಟು ಹೆಚ್ಚಾದರೆ ಸಣ್ಣ ತಂತಿ ಕರಗಿ ಲೈನು ಕಡಿಯುತ್ತದೆ; ಈ ತಾಮ್ರ ಕರಗದು, ಲೈನಿನ ತಂತಿಯೇ ಕಾದು ಸುಡಬೇಕು.

ಬೆಳಿಗ್ಗೆ ಪ್ರಸಾದಕ್ಕೆ ಇಳಿದಾಗ ಫ್ಯೂಸಿನ ಮರದ ಬೋರ್ಡಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ಪಿಂಗಾಣಿ ಫ್ಯೂಸಿನಂಚಿನಲ್ಲಿ ತಾಮ್ರ ಇಣುಕುತ್ತಿತ್ತು.

"ಇದನ್ನ ಈಗ್ಲೇ ತೆಗೆಸಿ ಸಾರ್," ಎಂದೆ ಶಂಕರಪ್ಪನವರಿಗೆ.

"ಪೂಜೆ ಆಗೋಯ್ತಲ್ರೀ. ನಾಳೆವರೆಗೂ ಮುಟ್ಟೋ ಹಾಗಿಲ್ಲ."

ಬಾಡಿಗೆದಾರ ನಾನು, ಕೋಸಂಬರಿ ತಿಂದು ಮೇಲೆ ಹೋದೆ. ಆ ಕೋಸಂಬರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ಓಡಿ ಇಳಿದಾಗ ಬೋರ್ಡು ಹೊಗೆಯಾಡುತ್ತಿತ್ತು. ಒಳಗೆ ನೆಂಟರ ಸ್ನಾನಕ್ಕೆ ಗೀಸರ್, ಬೋಂಡಾಕ್ಕೆ ಒಲೆ. ಬೋರ್ಡಿನ ಪಕ್ಕದ ಕೋಣೆಯಲ್ಲಿ ಶಂಕರಪ್ಪನವರ ತಾಯಿ ಗೌರಮ್ಮ. ಹಿಡಿದುಕೊಳ್ಳದೆ ಎರಡು ಹೆಜ್ಜೆ ಇಡಲಾರರು. ಆ ಕೋಣೆಗಿದ್ದದ್ದು ಒಂದೇ ಬಾಗಿಲು. ಮೇನ್ ಸ್ವಿಚ್‌ಗೆ ಕೈ ಚಾಚಿದರೆ ಶಂಕರಪ್ಪ ತೋಳು ಹಿಡಿದುಕೊಂಡರು.

"ಹಬ್ಬದ ದಿನ ಮನೆ ಕತ್ತಲು ಮಾಡ್ತೀರೇನ್ರೀ? ಗೀಸರ್ ಆರಿಸಿದ್ರೆ ಸಾಕು!"

ಅಷ್ಟರಲ್ಲಿ ಹಾರಕ್ಕೆ ಬೆಂಕಿ ಹತ್ತಿತು. ಒಳಗಿಂದ ಮುದುಕಿ ಕೂಗಿದರು: "ಏ ಶಂಕ್ರಾ, ಅವನ ಕೈ ಬಿಡೋ! ನನ್ನ ಸುಟ್ಟು ಮಂಗಳಾರತಿ ಮಾಡ್ತೀಯೇನೋ? ತಮ್ಮಾ, ನೀನು ಆರ್ಸು!"

ತೋಳು ಕೊಡವಿ ಮೇನ್ ಎಳೆದೆ. ಮೀಟರಿನಿಂದ ಮೇನ್‌ವರೆಗಿನ ತಂತಿಯಲ್ಲಿ ಇನ್ನೂ ಕರೆಂಟಿತ್ತು, ನೀರು ಹಾಕುವಂತಿರಲಿಲ್ಲ. ನನ್ನ ಹೆಂಡತಿ ಹೂಕುಂಡದ ಒಣಮಣ್ಣನ್ನು ಬೊಗಸೆಬೊಗಸೆಯಾಗಿ ಎರಚಿದಳು. ನಾನು ಗೌರಮ್ಮನನ್ನು ಎತ್ತಿ ಹೊರತಂದೆ. ಅವರ ಸೆರಗು ಸುಟ್ಟಿತ್ತು, ನನ್ನ ಬಲಗೈ ಬೆಂದಿತ್ತು.

ಮರುದಿನ ಮುನಿಯಪ್ಪನನ್ನು ಹಿಡಿದು ಕೇಳಿದೆ. ಅವನು ನಾಚಲೂ ಇಲ್ಲ. "ಫ್ಯೂಸ್ ಹೋಗ್ಲೇಬಾರ್ದು ಅಂದ್ರು ಸಾರ್. ಹೋಯ್ತಾ? ಇಲ್ವಲ್ಲ!"

ಅವನಿಗಿಂತ ನಾನು ಕೆಟ್ಟವನು. ಅವನಿಗೆ ಲೆಕ್ಕ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಗೀಸರ್‌ಗೆ, ಒಲೆಗೆ ದಪ್ಪ ತಂತಿಯ ಬೇರೆ ಬೇರೆ ಲೈನು ಎಳೆಸಿದೆ. ದೀಪದ ಲೈನಿಗೆ ಮತ್ತೆ ಸಣ್ಣ ಫ್ಯೂಸ್ ತಂತಿಯನ್ನೇ ಹಾಕಿಸಿದೆ. ಪ್ರತಿ ಫ್ಯೂಸಿನ ಕೆಳಗೆ ಅದರ ಆಂಪಿಯರನ್ನು ಬಣ್ಣದಲ್ಲಿ ಬರೆದೆ. ಆದರೂ ತಿಂಗಳುಗಟ್ಟಲೆ ನಿದ್ದೆಯಲ್ಲಿ ಅದೇ ವಾಸನೆ. ಎದ್ದು ಬೋರ್ಡು ಮುಟ್ಟಿ ನೋಡುತ್ತಿದ್ದೆ. ಕೆಳಗೆ ಗೌರಮ್ಮನೂ ಎದ್ದೇ ಇರುತ್ತಿದ್ದರು.

ಬೇಸಿಗೆಯ ಒಂದು ಸಂಜೆ ಶಂಕರಪ್ಪ ದೀಪದ ಲೈನಿಗೇ ಮತ್ತೆ ಒಲೆ ಸಿಕ್ಕಿಸಿದರು. ಟಪ್ಪೆಂದಿತು, ಮನೆ ಕತ್ತಲಾಯಿತು. "ಥೂ, ಮತ್ತೆ ಹೋಯ್ತು!" ಎಂದು ಅವರು ಗೊಣಗಿದರು.

"ಹೋಯ್ತಾ? ಸದ್ಯ!" ಎಂದರು ಗೌರಮ್ಮ.

ಫ್ಯೂಸಿನ ಕೆಲಸವೇ ಹೋಗುವುದು. ಅಂದು ರಾತ್ರಿ ಕೆಳಗೆ ಗೌರಮ್ಮ, ಮೇಲೆ ನಾನು, ಬೆಳಗಿನವರೆಗೆ ನಿದ್ದೆ ಮಾಡಿದೆವು.