ವೆಂಕಣ್ಣ ಮಾಸ್ತರರ ಎಡಭುಜ

ಹುಬ್ಬಳ್ಳಿಯ ರೈಲು ಕಾರ್ಖಾನೆಯಲ್ಲಿ ಬಾಯ್ಲರಿಗೆ ರಿವೆಟ್ ಬಡಿಯುತ್ತಿದ್ದ ಗೌಸಮೊದ್ದೀನ ತನ್ನ ಆಟದ ಏಳು ವರ್ಷಗಳಲ್ಲಿ ನಲವತ್ತೊಂದು ಗೋಲು ಹೊಡೆದ, ಹತ್ತೊಂಬತ್ತು ಹಲ್ಲು ಉದುರಿಸಿದ. ಅದರಲ್ಲಿ ಮೂರು ಹಲ್ಲು ಅವನವೇ. ಗೋಲಿನ ಸಂಖ್ಯೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಇರಬಹುದು. ಹಲ್ಲಿನ ಸಂಖ್ಯೆ ಮಾತ್ರ ಖಚಿತ, ಏಕೆಂದರೆ ಕಳೆದುಕೊಂಡವರು ಯಾರೂ ಮರೆತಿಲ್ಲ.

ಫುಟ್‌ಬಾಲನ್ನು ಅವನು ಮೊದಲ ಸಲ ಕಂಡದ್ದೇ ಇಪ್ಪತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಹತ್ತು ವರ್ಷ ಗರಡಿಮನೆಯ ಕೆಂಪು ಮಣ್ಣಿನಲ್ಲಿ ಹೊರಳಿ, ಕುಸ್ತಿಯ ಡಾವುಗಳನ್ನೆಲ್ಲ ಮೈಗೂಡಿಸಿಕೊಂಡಿದ್ದ. ೧೯೨೪ರಲ್ಲಿ ಕಾರ್ಖಾನೆಯ ತಂಡಕ್ಕೆ ಸೆಂಟರ್ ಫಾರ್ವರ್ಡ್ ಬೇಕಾದಾಗ ಅವನ ಎದೆಯ ಅಗಲ ನೋಡಿ ಸೇರಿಸಿಕೊಂಡರು. ಚೆಂಡು ಒದೆಯಲು ಬರುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬರಿಗಾಲಲ್ಲಿ ಆಡುತ್ತಿದ್ದ. ಅವನು ಗೋಲಿನತ್ತ ಹೊರಟನೆಂದರೆ ಎಡಕ್ಕೊಬ್ಬ ಬಲಕ್ಕೊಬ್ಬ ಉರುಳುತ್ತಿದ್ದರು. ಕೊನೆಗೆ ಉಳಿದವನು ಗೋಲ್‌ಕೀಪರ್. ಆ ಕಾಲದಲ್ಲಿ ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಕೆಡವುವುದಕ್ಕೆ ಕಾನೂನಿನ ಒಪ್ಪಿಗೆಯಿತ್ತು. ಕಾನೂನಿನಲ್ಲಿ ಗೌಸಮೊದ್ದೀನನಿಗೆ ಬಾಯಿಪಾಠವಾಗಿದ್ದ ಸಾಲು ಅದೊಂದೇ.

ಹುಬ್ಬಳ್ಳಿಗೂ ಧಾರವಾಡಕ್ಕೂ ವರ್ಷಕ್ಕೊಮ್ಮೆ ಒಂದು ಕಪ್ಪಿಗಾಗಿ ಯುದ್ಧ ನಡೆಯುತ್ತಿತ್ತು. ಜಗಳದಲ್ಲಿ ತೂರುವ ಎರಡೂ ಊರಿನ ಸೋಡಾ ಬಾಟಲಿಗಳಿಗೆ ಅನ್ಯಾಯವಾಗಬಾರದೆಂದು ನಡುದಾರಿಯ ರಾಯಾಪುರದ ಬಯಲನ್ನು ಆರಿಸಿದ್ದರು. ಆಟ ಸಮವಾದರೆ ಕಪ್ಪು ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯಬೇಕು ಎಂಬುದು ಕರಾರು.

೧೯೩೧ರ ಆಟದಲ್ಲಿ ಧಾರವಾಡದ ಗೋಲು ಕಾಯುತ್ತಿದ್ದವರು ವೆಂಕಣ್ಣ. ಶಾಲೆಯೊಂದರ ಡ್ರಿಲ್ ಮಾಸ್ತರರು. ಕಂಬದಂಥ ಆಳು, ಬೆಣ್ಣೆಯಂಥ ಮಾತು. ಗೌಸಮೊದ್ದೀನ ಇಬ್ಬರ ಮೂಗು ಒಡೆದು, ಮೂರನೆಯವನ ಪಕ್ಕೆಲುಬಿನ ಮೇಲೆ ಹಾದು, ಮಾಸ್ತರರ ಎದೆಗೆ ಗುದ್ದಿದ. ಮಾಸ್ತರರು ಬಿದ್ದರು. ಚೆಂಡು ತೆರೆದ ಗೋಲಿನೆದುರು ನಾಲ್ಕೇ ಅಡಿ ದೂರದಲ್ಲಿ ಸುಮ್ಮನೆ ನಿಂತಿತು. ಹಾಲುಹಲ್ಲಿನ ಕೂಸು ಕೂಡ ಅದನ್ನು ಒಳಗೆ ನೂಕಬಹುದಿತ್ತು.

ಗೌಸಮೊದ್ದೀನ ನೂಕಲಿಲ್ಲ. ಬಿದ್ದ ಎದುರಾಳಿಯನ್ನು ಕಂಡದ್ದೇ ತಡ, ಹತ್ತು ವರ್ಷದ ಗರಡಿ ಅವನ ಮೈಯಲ್ಲಿ ಎದ್ದು ಕೂತಿತು. ಮಾಸ್ತರರ ಮೇಲೆ ಹಾರಿ, ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದು, ಚಿತ್ ಆಯಿತೆಂದು ಯಾರಾದರೂ ಸಾರಲಿ ಎಂದು ಕತ್ತೆತ್ತಿ ಕಾದ.

"ಚೆಂಡು! ಏ ಗೌಸ್ಯಾ, ಚೆಂಡು!" ಎಂದು ಹುಬ್ಬಳ್ಳಿ ಬಾಯಿ ಬಡಿದುಕೊಂಡಿತು.

ಧಾರವಾಡದ ಬ್ಯಾಕ್ ಆಟಗಾರ ಬೂಟುಗಾಲಲ್ಲಿ ಓಡಿಬಂದು ಮೊದಲು ಚೆಂಡನ್ನು ಒದ್ದ, ಅದೇ ವೇಗದಲ್ಲಿ ಗೌಸಮೊದ್ದೀನನ ಮೊಣಕಾಲನ್ನು ಒದ್ದ. ಕಟ್ಟಿಗೆ ಸೀಳಿದ ಸದ್ದು ಬಂತು. ಚೆಂಡು ಅತ್ತ ಹೋಗಿ ಹುಬ್ಬಳ್ಳಿಯ ಗೋಲು ಸೇರಿತು. ರೆಫರಿ ಅಬ್ದುಲಗನಿ ಚೆಂಡಿನ ಹಿಂದೆ ಓಡಿದ್ದರಿಂದ ಭುಜಗಳ ಕಡೆ ನೋಡಲೇ ಇಲ್ಲ. ಈತ ವೃತ್ತಿಯಿಂದ ರೈಲಿನ ಗಾರ್ಡ್. ಕುಸ್ತಿ ಕಣದಲ್ಲೂ ತೀರ್ಪು ಹೇಳುತ್ತಿದ್ದವನು. ಅವನು ಅಂದು ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಕಪ್ಪು ಹೋದದ್ದನ್ನು, ಕಾಲು ಹೋದದ್ದನ್ನು ಗೌಸಮೊದ್ದೀನ ತಡೆದುಕೊಂಡ. ತಡೆಯಲಾಗದ್ದು ಇನ್ನೊಂದು. ಮಾಸ್ತರರು ಆಸ್ಪತ್ರೆಗೆ ಬಂದು, ಹಾಸಿಗೆಯ ಪಕ್ಕ ಕಿತ್ತಳೆಹಣ್ಣು ಇಟ್ಟು, ಬಲು ಮೃದುವಾಗಿ ಹೇಳಿದ್ದರು: "ಗೌಸಮೊದ್ದೀನ ಸಾಹೇಬ್ರ, ನಮ್ಮ ಎಡಭುಜ ನೆಲಕ್ಕ ಹತ್ತಿದ್ದಿಲ್ಲ ನೋಡ್ರಿ. ಒಂದು ಬೆರಳಿನಷ್ಟು ಸಂದಿ ಇತ್ತು. ಸುಳ್ಳು ಯಾಕ ಹೇಳ್ಲಿ?"

ಕಿತ್ತಳೆಹಣ್ಣು ಮಾಸ್ತರರ ಹಣೆಗೆ ಬಡಿದು ಒಡೆಯಿತು. ಆದರೆ ಮಾತು ಧಾರವಾಡವೆಲ್ಲ ಹಬ್ಬಿತು. ಒಂದೇ ಭುಜ ಹತ್ತಿದರೆ ಅದು ಕುಸ್ತಿಯಲ್ಲ, ಬರೀ ಅಪ್ಪುಗೆ. ಹನ್ನೆರಡು ವರ್ಷ ಗೌಸಮೊದ್ದೀನ ಅನ್ನದ ಮುಂದೆ ಕೂತಾಗಲೆಲ್ಲ ಆ ಬೆರಳಿನಷ್ಟು ಸಂದಿ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಕಪ್ಪು ಹೋತು, ಕಾಲು ಹೋತು. ಆ ಮಾಸ್ತರನ ಭುಜ ಒಂದ ನಮ್ಮ ಮನ್ಯಾಗ ಉಳಕೊಂಡೈತಿ. ಅದನ್ನೂ ಒಯ್ದು ಒಗದು ಬರ್ರಿ" ಎನ್ನುತ್ತಿದ್ದಳು ಹೆಂಡತಿ ಹಾಜರಾಬಿ.

"ಹತ್ತಿತ್ತಲೇ! ಎರಡೂ ಹತ್ತಿದ್ದೂ!"

"ಆತು, ಹತ್ತಿದ್ದೂ. ಉಣ್ರಿ."

ಕಾಲು ಕುಂಟಾದ ಮೇಲೆ ಕಾರ್ಖಾನೆಯವರು ಅವನನ್ನು ತಂಡದ ತರಬೇತಿಗೆ ಹಾಕಿದರು. ಅವನ ವಿದ್ಯೆಯೆಲ್ಲ ಒಂದೇ ಪಾಠದಲ್ಲಿತ್ತು: ಕೆಡವು, ಬಿದ್ದವನನ್ನು ನೋಡಬೇಡ, ಚೆಂಡು ನೋಡು. ಮೊದಮೊದಲು ಗೋಲಿನಲ್ಲಿ ಹೊಟ್ಟು ತುಂಬಿದ ಚೀಲ ನಿಲ್ಲಿಸಿ ಗುದ್ದಿಸಿದ. ಚೀಲ ನರಳುವುದಿಲ್ಲ, ಹಾಗಾಗಿ ಯಾರಿಗೂ ಅದನ್ನು ತಿರುಗಿ ನೋಡುವ ಆಸೆಯೇ ಹುಟ್ಟುವುದಿಲ್ಲ ಎಂದು ತಿಳಿದ ಮೇಲೆ ಸರದಿಯಂತೆ ಆಟಗಾರರನ್ನೇ ನಿಲ್ಲಿಸಿದ. ತಿರುಗಿ ನೋಡಿದವನ ಮೀನಖಂಡಕ್ಕೆ ಬೇವಿನ ಬರಲುಕಡ್ಡಿಯ ಏಟು ಬೀಳುತ್ತಿತ್ತು. ಅತಿ ಹೆಚ್ಚು ಏಟು ತಿಂದವನು ಲಕ್ಕಪ್ಪ. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಈ ದೈತ್ಯ ಹುಟ್ಟಾ ಸಜ್ಜನ, ಕೆಡವಿದ ಕೂಡಲೇ ಬಗ್ಗಿ "ಭಾಳ ನೋವಾತೇನಪಾ?" ಎಂದು ಕೇಳುತ್ತಿದ್ದ.

"ಏ ಲಕ್ಯಾ! ಬಿದ್ದಾಂವ ಏನ್ ನಿನ್ನ ಬೀಗನೇನ್? ಚೆಂಡು ನೋಡಲೇ!"

ನಾಲ್ಕು ಹೊರೆ ಬರಲು ಮುರಿದ ಮೇಲೆ ಲಕ್ಕಪ್ಪನ ಸಜ್ಜನಿಕೆ ವಾಸಿಯಾಯಿತು.

೧೯೪೩ರಲ್ಲಿ ಮತ್ತೆ ಅದೇ ಬಯಲು. ಕಪ್ಪು ಹಿಂದಿನ ವರ್ಷ ಗೆದ್ದ ಧಾರವಾಡದವರಲ್ಲಿತ್ತು. ಈ ಸಲವೂ ತರದಿದ್ದರೆ ತರಬೇತಿಗೆ ಬೇರೆಯವರನ್ನು ನೋಡುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು. "ಸುಣ್ಣದ ಗೆರಿ ದಾಟಬ್ಯಾಡ್ರಿ, ನನ್ನಾಣಿ" ಎಂದು ಹಾಜರಾಬಿ ಆಣೆ ಹಾಕಿಸಿ ಕಳಿಸಿದ್ದಳು. ರೆಫರಿ ಅದೇ ಅಬ್ದುಲಗನಿ. ಧಾರವಾಡದ ತರಬೇತುದಾರರಾಗಿ ಗೋಲುಕಂಬದ ಪಕ್ಕದಲ್ಲಿ ಛತ್ರಿ ಹಿಡಿದು ನಿಂತವರು ವೆಂಕಣ್ಣ ಮಾಸ್ತರರು.

ಆಟವನ್ನು ಬಣ್ಣಿಸುವುದಕ್ಕಿಂತ ಗಾಯಗಳನ್ನು ಬಣ್ಣಿಸುವುದು ಸುಲಭ. ಮೊದಲ ಹತ್ತು ನಿಮಿಷದಲ್ಲಿ ಒಂದು ದವಡೆ. ಅರ್ಧ ಆಟದ ಹೊತ್ತಿಗೆ ಎರಡು ಹುಬ್ಬು, ಒಂದು ಕೀಲು ತಪ್ಪಿದ ತೋಳು, ಬೂಟಿನಡಿ ಸಿಕ್ಕಿ ಉಗುರು ಹಾರಿದ ಏಳು ಬೆರಳು. ಒಬ್ಬನನ್ನು ಎತ್ತಿಕೊಂಡು ಹೋಗುತ್ತಿದ್ದವರಿಗೇ ಚೆಂಡು ಬಡಿದು, ಅವರನ್ನು ಎತ್ತಲು ಬೇರೆಯವರು ಬರಬೇಕಾಯಿತು. ಇಷ್ಟರ ನಡುವೆ ಹೇಗೋ ಎರಡೂ ಕಡೆ ಒಂದೊಂದು ಗೋಲು ಆಗಿತ್ತು.

ಆಟ ಮುಗಿಯಲು ಎರಡು ನಿಮಿಷವಿತ್ತು. ಲಕ್ಕಪ್ಪ ನುಗ್ಗಿದ. ಬ್ಯಾಕ್ ಆಟಗಾರರಿಬ್ಬರ ತಲೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಗೋಲ್‌ಕೀಪರನ ಬಾಯಿ ತುಂಬ ಮಣ್ಣು, ಮಣ್ಣಿನ ತುಂಬ ರಕ್ತ. ಚೆಂಡು ಮೆಲ್ಲಗೆ ಗೆರೆಯತ್ತ ಉರುಳಿತು. ಆಗ ಕಂಬದ ಪಕ್ಕದಿಂದ ಒಂದು ಕರಿಯ ಛತ್ರಿ ಚಾಚಿ ಬಂದು, ಚೆಂಡನ್ನು ನಯವಾಗಿ ತಡೆದು ನಿಲ್ಲಿಸಿತು.

"ಕೈ ತಪ್ಪಿ ಜಾರಿತ್ರೀ" ಎಂದರು ಮಾಸ್ತರರು.

ಹಾಜರಾಬಿಯ ಆಣೆ, ಸುಣ್ಣದ ಗೆರೆ, ಕುಂಟುಕಾಲು, ಮೂರನ್ನೂ ಗೌಸಮೊದ್ದೀನ ಒಂದೇ ನೆಗೆತದಲ್ಲಿ ದಾಟಿದ. ಛತ್ರಿಯ ಕಡ್ಡಿ ಅವನ ಹುಬ್ಬು ಸೀಳಿತು. ಮಾಸ್ತರರ ಗುದ್ದಿಗೆ ಉಳಿದ ಹಲ್ಲುಗಳಲ್ಲೊಂದು ಹೋಯಿತು. ಅಷ್ಟರಲ್ಲಿ ಮಾಸ್ತರರ ತೋಳು ಅವನ ಹೆಗಲ ಮೇಲೆ ಬಂದಿತ್ತು. ಅದನ್ನೇ ಹಿಡಿದು, ಅಗಸ ಬಟ್ಟೆಯನ್ನು ಕಲ್ಲಿಗೆ ಬೀಸುವಂತೆ ಮಾಸ್ತರರನ್ನು ನೆಲಕ್ಕೆ ಬೀಸಿದ. ರಾಯಾಪುರದ ನೆಲ ನಡುಗಿತು. ಎದೆಯ ಮೇಲೆ ಕೂತು, ಎರಡೂ ಭುಜ ಒತ್ತಿ ಕೂಗಿದ:

"ಅಬ್ದುಲಗನಿ! ಈ ಸಲ ನೋಡಲೇ!"

ಅಬ್ದುಲಗನಿಯ ಬಾಯಿಂದ ಸೀಟಿ ಬಿದ್ದುಹೋಯಿತು. ಅವನು ಫುಟ್‌ಬಾಲ್ ಮರೆತ. ಓಡಿಬಂದು ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ ಇಣುಕಿದ. ಬಲಭುಜದ ಕೆಳಗೆ ಬೆರಳು ತೂರಿಸಲು ನೋಡಿದ, ಹೋಗಲಿಲ್ಲ. ಸುತ್ತ ಎರಡೂ ತಂಡ, ಅದರಾಚೆ ಎರಡೂ ಊರು ಉಸಿರು ಬಿಗಿಹಿಡಿದು ನಿಂತವು. ಎಡಭುಜ. ಬೆರಳು ಹೋಗಲಿಲ್ಲ.

"ಚಿತ್!"

ಹುಬ್ಬಳ್ಳಿ ಆರ್ಭಟಿಸಿತು. ಯಾರೋ ತಮ್ಮ ರುಮಾಲು ಬಿಚ್ಚಿ, ಗೆದ್ದ ಪೈಲವಾನನಿಗೆ ಸುತ್ತುವಂತೆ, ಗೌಸಮೊದ್ದೀನನ ರಕ್ತದ ತಲೆಗೆ ಸುತ್ತಿದರು. ಕೆಳಗಿನಿಂದ ಮಾಸ್ತರರು ಮೃದುವಾಗಿ, "ಹೂಂ. ಈಗ ಹತ್ತೇದ್ರೀ" ಎಂದರು.

ಇಡೀ ಬಯಲಿನಲ್ಲಿ ಈ ಕುಸ್ತಿ ನೋಡದವನು ಒಬ್ಬನೇ. ಲಕ್ಕಪ್ಪ, ತನ್ನ ಗುರು ಗೌಸಮೊದ್ದೀನ ವಸ್ತಾದರು ಕಲಿಸಿದಂತೆ, ಬಿದ್ದವರ ಕಡೆ ತಿರುಗಲಿಲ್ಲ. ಚೆಂಡನ್ನೇ ನೋಡುತ್ತ ಹೋಗಿ, ಛತ್ರಿಯನ್ನು ಸರಿಸಿ, ಅದನ್ನು ಗೋಲಿನೊಳಕ್ಕೆ ಒದ್ದ.

"ಗೋಲು!" ಎಂದು ಒಬ್ಬನೇ ಕೂಗಿದ.

"ಯಾವಾಗ?" ಎಂದ ಅಬ್ದುಲಗನಿ, ಕೆನ್ನೆಯ ಮಣ್ಣು ಒರೆಸಿಕೊಳ್ಳುತ್ತ. "ನಾ ನೋಡಿಲ್ಲ. ನೋಡದ್ದನ್ನ ಹೆಂಗ ಕೊಡ್ಲಿ?"

ಎರಡು ನಿಮಿಷ ಆಗಿಹೋಗಿತ್ತು. ಆಟ ಸಮ. ಕಪ್ಪು ಧಾರವಾಡಕ್ಕೆ ವಾಪಸಾಯಿತು.

"ವಸ್ತಾದ್ರ, ನೀವಾದ್ರೂ ಹೇಳ್ರಿ" ಎಂದು ಲಕ್ಕಪ್ಪ ಅಳುವಂತಾದ. "ನನ್ನ ಗೋಲು ನೋಡಿದ್ರಿಲ್ರಿ?"

ಗೌಸಮೊದ್ದೀನ ಬಾತ ಕಣ್ಣಿನ ಮೇಲಿಂದ ರುಮಾಲು ಸರಿಸಿ ಕೇಳಿದ: "ಯಾವ ಗೋಲಪಾ?"

ತರಬೇತಿಯ ಕೆಲಸ ಅಂದೇ ಹೋಯಿತು. ಮನೆಗೆ ಬಂದಾಗ ಹಾಜರಾಬಿ ಹುಬ್ಬಿಗೆ ಅರಿಷಿಣ ಒತ್ತುತ್ತ, ಗೆರೆ ದಾಟಿದ್ದಕ್ಕೆ, ಆಣೆ ಮುರಿದದ್ದಕ್ಕೆ, ಅಂಗಿ ಹರಿದದ್ದಕ್ಕೆ ಬೇರೆಬೇರೆಯಾಗಿ ಬೈದಳು. ಬೈದು ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದಳು:

"ಎರಡೂ ಹತ್ತಿದ್ವೇನ್ರಿ?"

"ಎರಡೂ."

ಅವಳು ಅರಿಷಿಣದ ಕೈಯಿಂದಲೇ ರುಮಾಲು ನೆಟ್ಟಗೆ ಮಾಡಿ, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದು ಗಂಟಲಲ್ಲಿ ಸಿಕ್ಕದೆ ಇಳಿಯಿತು. ಹಲ್ಲು ಇನ್ನೊಂದು ಕಡಿಮೆಯಾದ್ದರಿಂದ ಹೊತ್ತು ಮಾತ್ರ ಸ್ವಲ್ಪ ಹಿಡಿಯಿತು.