ಗಣಿ ಟ್ರ್ಯಾಕ್ಟರಿನ ಬ್ಯಾಟರಿ

ಐವತ್ತರ ದಶಕದಲ್ಲಿ ನಾನೂ ನನ್ನ ಭಾವನೂ ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ ತಗಡಿನ ಶೆಡ್ಡೊಂದರಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೆವು. ಪಕ್ಕದ ಕಲ್ಲುಗಣಿಯಲ್ಲಿ ಯುದ್ಧಕಾಲದ ಹಳೆಯ ಟ್ರ್ಯಾಕ್ಟರೊಂದು ಜಲ್ಲಿ ಎಳೆಯುತ್ತಿತ್ತು. ಅದರ ಆರು ವೋಲ್ಟಿನ ಬ್ಯಾಟರಿಗೆ ಸೆಲ್ಫ್ ತಿರುಗಿಸುವ ತ್ರಾಣ ಉಳಿದಿರಲಿಲ್ಲ. ವಿಜಾಪುರದ ಕಡೆಯ ಡ್ರೈವರ್ ಎದುರಿಗೆ ನಿಂತು ಹ್ಯಾಂಡಲ್ ತಿರುವಿಯೇ ಇಂಜಿನ್ ಎಬ್ಬಿಸಬೇಕಿತ್ತು. ಒಂದು ಬೆಳಿಗ್ಗೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಅವನ ಬಲಗೈ ಮಣಿಕಟ್ಟು ಮುರಿಯಿತು.

ಆಮೇಲೆಯೇ ಗಣಿಯ ಸೇಠ ನಮ್ಮನ್ನು ಕರೆಸಿದ್ದು. ಡೈನಮೊ, ಅದರ ಕಟೌಟ್ ಸ್ವಿಚ್ಚು, ಬಲ್ಬು ಎಲ್ಲವನ್ನೂ ಹನ್ನೆರಡು ವೋಲ್ಟಿಗೆ ಬದಲಿಸಿದೆವು. ಇಲಿ ಕಡಿದಿದ್ದ ವೈರು ಕಿತ್ತು ಹೊಸದನ್ನು ಎಳೆದೆವು, ಹೊಸ ಬ್ಯಾಟರಿ ಕೂರಿಸಿದೆವು. ಪ್ಲಾಸ್ಟರ್ ತೆಗೆಸಿಕೊಂಡು ಬಂದ ಡ್ರೈವರ್ ಗುಂಡಿ ಒತ್ತಿದ. ಇಂಜಿನ್ ಎದ್ದಿತು. ಆರಿಸಿ ಮತ್ತೆ ಒತ್ತಿದ. ಭಾವ ನಕ್ಕರು.

ಮುಂದಿನ ವಾರ ಆ ಕಡೆ ಹೋದಾಗ ನೋಡುತ್ತೇನೆ, ಡ್ರೈವರ್ ಎಡಗೈಯಲ್ಲಿ ಹ್ಯಾಂಡಲ್ ತಿರುವುತ್ತಿದ್ದಾನೆ. ಬ್ಯಾಟರಿಯ ಜಾಗ ಖಾಲಿ.

"ಬ್ಯಾಟ್ರಿ ಎಲ್ಲಿ?"

"ಸೇಠರ ಮೋಟಾರ್ ಕಾರಿಗೆ ಹಾಕ್ಯಾರ್ರಿ. ಅವರದು ಸತ್ತಿತ್ತಂತ, ಫೋರ್ಟಿನ ಆಫೀಸಿಗೆ ಹೋಗೂದಿತ್ತಂತ."

"ನೀನು ಏನೂ ಹೇಳಲಿಲ್ವಾ?"

"ಹೇಳಿದ್ನಿರಿ. ನಿನ್ನ ಕೈ ಕೂಡೇದಲ್ಲ, ಹ್ಯಾಂಡಲ್ ತಿರುವು ಅಂದ್ರು."

ನನ್ನ ಕಿವಿ ಬಿಸಿಯಾಯಿತು. ಶೆಡ್ಡಿಗೆ ಬಂದು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡೆ. "ಬೇಡ ಮಾರಾಯ, ನಾಳೆ ಕೆಲಸ ಕೊಡುವವರು ಅವರೇ," ಅಂದರು ಭಾವ. ನಾನು ಲೋಕಲ್ ರೈಲು ಹತ್ತಿ, ಸೇಠನ ಮನೆಯಿದ್ದ ಸಾಂತಾಕ್ರೂಜ್‌ನಲ್ಲಿ ಇಳಿದೆ.

ಸೇಠ ವರಾಂಡದಲ್ಲಿ ಚಹಾ ಕುಡಿಯುತ್ತಿದ್ದ, ಮೋಟಾರು ಗೇಟಿನ ಒಳಗೇ ನಿಂತಿತ್ತು. ಬ್ಯಾಟರಿ ವಾಪಸ್ ಒಯ್ಯಲು ಬಂದಿದ್ದೇನೆ ಎಂದೆ.

"ಗಾಡಿ ಮೇರಿ, ಟ್ರ್ಯಾಕ್ಟರ್ ಭೀ ಮೇರಾ. ತುಮ್ಹಾರಾ ಕ್ಯಾ ಹೈ?" ಎರಡೂ ತನ್ನವೇ, ನಿನಗೇನು ಎಂದ.

"ಹಾಥ್ ಆಪ್ಕಾ ನಹೀ ಹೈ," ಮುರಿದ ಕೈ ನಿಮ್ಮದಲ್ಲವಲ್ಲ ಎಂದು ಬಾನೆಟ್ ಎತ್ತಿದೆ.

ಅವನು ಎದ್ದು ನಿಂತ, ಪೊಲೀಸರನ್ನು ಕರೆಸುತ್ತೇನೆಂದ. ಕರೆಸಿ ಎಂದೆ. ಕೋಪದ ಭರದಲ್ಲಿ ಪಾನಾ ಎರಡು ಸಲ ಜಾರಿತು. ಮೇಲಿನ ಮಹಡಿಯವರು ಬಗ್ಗಿ ನೋಡುತ್ತಿದ್ದರು. ಅದಕ್ಕೋ ಏನೋ, ಅವನು ಮೆಟ್ಟಿಲು ಇಳಿಯಲಿಲ್ಲ.

ಬ್ಯಾಟರಿಯನ್ನು ಎದೆಗೆ ಅವುಚಿಕೊಂಡು ಲೋಕಲಿನಲ್ಲಿ ತಂದೆ. ಆಸಿಡ್ ತುಳುಕಿ ಅಂಗಿ ತೂತಾಯಿತು. ಸಂಜೆಯೊಳಗೆ ಅದನ್ನು ಟ್ರ್ಯಾಕ್ಟರಿಗೆ ಕೂರಿಸಿಕೊಟ್ಟೆ.

ಸೇಠ ಮತ್ತೆ ನಮಗೆ ಕೆಲಸ ಕೊಡಲಿಲ್ಲ. ಭಾವ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಆದರೆ ಆ ಬ್ಯಾಟರಿ ಟ್ರ್ಯಾಕ್ಟರಿನಲ್ಲೇ ಉಳಿಯಿತು. ಸೇಠ ಮರುದಿನವೇ ಮೋಟಾರಿಗೆ ಬೇರೆ ಬ್ಯಾಟರಿ ಕೊಂಡನಂತೆ. ಅದನ್ನು ಮೊದಲೇ ಕೊಳ್ಳಬಹುದಿತ್ತು, ಅಂಗಡಿ ಅವನು ಓಡಾಡುವ ದಾರಿಯಲ್ಲೇ ಇತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.